ಜಮಾಲ್ ಸಾಬ್ರ ನಡುಗೋಡೆ

ನಮ್ಮ ಕಡೂರಲ್ಲಿ ಹಳೇ ಮನೆ ಮಾರಬೇಕು ಅನ್ನೋರು ಬ್ರೋಕರ್ ಹತ್ರ ಆಮೇಲೆ ಹೋಗೋರು, ಮೊದಲು ಜಮಾಲ್ ಸಾಬ್ರ ಹತ್ರ ಬರೋರು. ಸಾಬ್ರು ಸುಣ್ಣ ಬಳಿಯೋರು. ನಲವತ್ತು ವರ್ಷಕ್ಕೂ ಮಿಕ್ಕಿ ಅದೇ ಕೆಲಸ. ಸ್ಟೇಷನ್ ಕಡೆ ಹಳೇ ಬೀದಿಯಲ್ಲಿ ಅವರದೂ ನಮ್ಮದೂ ಅಂಟಿಕೊಂಡ ಹೆಂಚಿನ ಮನೆ, ನಡುವೆ ಒಂದೇ ಮಣ್ಣಿನ ಗೋಡೆ. ಹಾಗಾಗಿ ಅವರ ಕಸುಬು ನನಗೆ ನನ್ನ ಒಲೆಯಷ್ಟೇ ಗೊತ್ತು.

ಮಾರೋ ಮನೆಗೆ ಅವರು ಬಳಿಯೋ ರೀತಿನೇ ಬೇರೆ. ಸುಣ್ಣದ ಕಲ್ಲು ಮೂರು ದಿನ ಡ್ರಮ್ಮಲ್ಲಿ ನೆನೀಬೇಕು. ಆಮೇಲೆ ಸೋಸಿ, ಅಂಟು ಹಾಕಿ, ಒಂದು ಚಿಟಿಕೆ ನೀಲಿ. ನೀಲಿ ಜಾಸ್ತಿಯಾದ್ರೆ ಮನೆ ಆಸ್ಪತ್ರೆ ಥರ ಕಾಣುತ್ತೆ ಅನ್ನೋರು. ಗೋಡೆಗೆ ಕೈ ಹಾಕೋ ಮೊದಲು ಬಚ್ಚಲ ಮೋರಿ ಉಜ್ಜಿಸೋರು. "ಗಂಡಸು ಪತ್ರ ನೋಡ್ತಾನೆ, ಹೆಂಗಸು ಮೋರಿ ನೋಡ್ತಾಳೆ. ಮನೆ ಒಪ್ಪೋದು ಹೆಂಗಸು ಕಣಕ್ಕಾ" ಅಂತ ನನಗೆ ಎಷ್ಟು ಸಲ ಹೇಳಿದಾರೋ. ಬಾಗಿಲು ಕಿರುಗುಟ್ಟಬಾರದು, ನೋಡೋಕೆ ಬರೋ ಹೊತ್ತಿಗೆ ಒಲೆ ಮೇಲೆ ಏನಾದ್ರೂ ಕುದೀತಿರಬೇಕು, ಜನ ಇರೋ ಮನೆ ಅನ್ನಿಸಬೇಕು. ಅಮೃತಾಪುರದಲ್ಲಿ ಆರು ವರ್ಷ ಬೀಗ ಬಿದ್ದಿದ್ದ ಮನೆಯೊಂದನ್ನ ಎಂಟೇ ದಿನದಲ್ಲಿ ಮದುವಣಗಿತ್ತಿ ಮಾಡಿ ದಾಟಿಸಿದ್ರು.

ಅವರ ಹೆಂಡ್ತಿ ಕುಬ್ರಾ ನನಗಿಂತ ಎರಡು ವರ್ಷ ಚಿಕ್ಕೋಳು. ನಮ್ಮ ನಡುಗೋಡೆ ಹೆಂಚಿನ ತನಕ ಮುಟ್ಟಿರಲಿಲ್ಲ, ಮೇಲೆ ಒಂದು ಮೊಳ ಸಂದಿ ಇತ್ತು. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಅವಳು ಆ ಕಡೆ, ನಾನು ಈ ಕಡೆ ಗೋಡೆಗೆ ಒರಗಿ ಕೂರೋದು. ಮಾತು ಆ ಸಂದಿಯಲ್ಲಿ ಹೋಗಿ ಬರೋದು. ಮುಖ ನೋಡದೆ ಆಡೋ ಮಾತಲ್ಲಿ ಮುಚ್ಚುಮರೆ ಇರಲ್ಲ. ನಮ್ಮೆಜಮಾನ್ರು ತೀರಿಕೊಂಡ ವರ್ಷ ನನಗೆ ಬೀದಿ ಮುಖ ನೋಡೋಕೂ ಮನಸ್ಸಿರಲಿಲ್ಲ, ಆ ಸಂದಿಯಿಂದ ಬದುಕಿಕೊಂಡೆ.

ಎರಡು ವರ್ಷದ ಹಿಂದೆ ಕುಬ್ರಾನೂ ಸಕ್ಕರೆ ಕಾಯಿಲೆಯಲ್ಲಿ ಹೋದ್ಲು. ಆಮೇಲೆ ಆ ಕಡೆಯಿಂದ ಸಾಬ್ರ ಕೆಮ್ಮು, ರೇಡಿಯೋ, ಇಷ್ಟೇ. ಗೋಡೆಗೆ ಕೂತು ಮಾತಾಡೋ ಮನುಷ್ಯ ಅಲ್ಲ ಅವರು. ಆದ್ರೂ ಬೆಳಿಗ್ಗೆ ಎದ್ದ ಕೂಡಲೇ ಆ ಕೆಮ್ಮು ಕೇಳಿದ್ರೆ ನನಗೊಂದು ಸಮಾಧಾನ, ಪಕ್ಕದಲ್ಲಿ ಒಂದು ಜೀವ ಇದೆ ಅಂತ.

ಹೋದ ಮಾಘದಲ್ಲಿ ಒಂದು ದಿನ ಕೆಮ್ಮು ಕೇಳಲಿಲ್ಲ. ಹತ್ತು ಗಂಟೆಯಾಯ್ತು, ಇಲ್ಲ. ಸ್ಟೂಲ್ ಹತ್ತಿ ಸಂದಿಯಲ್ಲಿ ಕೂಗಿದೆ, ನರಳೋದು ಕೇಳಿಸ್ತು. ಬಚ್ಚಲಲ್ಲಿ ಜಾರಿಬಿದ್ದು ಬೆಳಗಿನ ನಮಾಜಿನ ಹೊತ್ತಿಂದ ಅಲ್ಲೇ ಒದ್ದೆ ಕಲ್ಲಿನ ಮೇಲೆ ಮಲಗಿದ್ರು. ತರೀಕೆರೆಯಿಂದ ಮಗಳು ಅರ್ಫಾ ಓಡಿ ಬಂದ್ಲು. ಅಬ್ಬಾನ ಇನ್ನು ಒಂಟಿ ಬಿಡಲ್ಲ ಅಂತ ಅತ್ತಳು. ಅವಳ ಮನೆಯೂ ಇಕ್ಕಟ್ಟು, ಇನ್ನೊಂದು ಮಂಚ ಹಾಕೋಕೆ ಜಾಗ ಇಲ್ಲ. ಇಲ್ಲಿನ ಮನೆ ಮಾರಿದ್ರೆ ಅಲ್ಲಿ ಹಿತ್ತಲಲ್ಲಿ ಅವರಿಗೊಂದು ರೂಮು ಎಬ್ಬಿಸಬಹುದು. ಮಾರದಿದ್ರೆ ರೂಮಿಲ್ಲ. ಮಾರೋದೇ ಸರಿ ಅಂತ ಮಾತು ಅಲ್ಲಿಗೆ ನಿಂತಿತು.

ಊರೋರ ಮನೆಗೆ ಎಂಟು ದಿನ ಸಾಕಾಗಿದ್ದ ಸಾಬ್ರಿಗೆ ತಮ್ಮ ಮನೆ ಒಂದೂವರೆ ತಿಂಗಳು ಹಿಡೀತು. ಏಣಿ ಹತ್ತಬಾರದು ಅಂತ ಡಾಕ್ಟರು ಹೇಳಿದ್ರು, ಅರ್ಫಾ ಮೇಲಿನ ಭಾಗಕ್ಕೆ ಆಳು ಕರೆಸಿದ್ಲು. ಕೈಗೆಟಕೋವಷ್ಟನ್ನ ಸಾಬ್ರು ಸ್ಟೂಲ್ ಮೇಲೆ ಕೂತು ತಾವೇ ಬಳಿದ್ರು. ನಾನು ಟೀ ಕೊಟ್ಟು ಬರ್ತಿದ್ದೆ. ಒಂದೊಂದೇ ಗೋಡೆ ಹಾಲಿನ ಹಾಗೆ ಎದ್ದು ಬಂತು. ನಡುಗೋಡೆ ಮಾತ್ರ ಒಪ್ಪಲಿಲ್ಲ. ಕೂತ ಹೆಂಗಸಿನ ತಲೆ ಎತ್ತರಕ್ಕೆ, ಒಂದು ತಟ್ಟೆ ಅಗಲ ಎಣ್ಣೆ ಜಿಡ್ಡು. ಮೂರು ಕೋಟ್ ಹೊಡೆದ್ರೂ ಒಣಗಿದ ಮೇಲೆ ಹಳದಿಯಾಗಿ ಮತ್ತೆ ಮುಖ ತೋರಿಸೋದು.

"ಎಣ್ಣೆ ಮೇಲೆ ಸುಣ್ಣ ಹತ್ತಲ್ಲ ಕರಿಬಸಕ್ಕ," ಅಂದ್ರು ಸಾಬ್ರು, ನನ್ನ ಕಡೆ ತಿರುಗದೆ.

ಇಂಥದ್ದೇ ಜಿಡ್ಡನ್ನ ಇನ್ನೊಬ್ಬರ ಮನೆಯಲ್ಲಿ ಬಿಸಿನೀರಿಗೆ ಸೋಡಾ ಹಾಕಿ ಉಜ್ಜಿ, ಮೇಲೆ ಪ್ರೈಮರ್ ಬಳಿದು ಮಾಯ ಮಾಡಿದ್ದನ್ನ ಅವರೇ ಒಂದು ಸಲ ಹೇಳಿದ್ರು. ನಾನು ಅದನ್ನ ಅವರಿಗೆ ನೆನಪಿಸೋಕೆ ಹೋಗಲಿಲ್ಲ.

ಬ್ರೋಕರ್ ಹೊನ್ನೇಶ ಎರಡು ಪಾರ್ಟಿ ಕರಕೊಂಡು ಬಂದ. ಎರಡೂ ಕಡೆಯವರು ಆ ಗೋಡೆ ನೋಡಿ ತೇವ ಹೊಡೀತಿದೆ, ಮಣ್ಣಿನ ಗೋಡೆ, ಮಳೆಗಾಲಕ್ಕೆ ಕುಸಿಯುತ್ತೆ ಅಂತ ಹೊರಟುಹೋದ್ರು. ಹೊನ್ನೇಶನಿಗೆ ರೇಗಿಹೋಯ್ತು. "ಏನ್ ಸಾಬ್ರೇ, ಊರ ಮನೆಯೆಲ್ಲ ಬೆಳಗಿದೋರು, ನಿಮ್ಮನೆ ಗೋಡೆಗೆ ಸೋತ್ರಾ?" ಅಂದ. ಸಾಬ್ರು ಬ್ರಶ್ ತೊಳೀತಾ ಕೂತ್ರು.

ಮೂರನೇ ಸಲ ಬಂದಿದ್ದು ಪಂಚನಹಳ್ಳಿಯ ತೆಂಗಿನಕಾಯಿ ವ್ಯಾಪಾರದ ಶಿವಮೂರ್ತಪ್ಪ, ಅವನ ಹೆಂಡ್ತಿ ಕೋಮಲಾ. ಅವನು ಜಗಲಿ ಮೇಲೆ ಖಾತೆ ಪತ್ರ ಬಿಡಿಸಿಕೊಂಡು ಕೂತ. ಅವಳು ನೆಟ್ಟಗೆ ಮೋರಿಗೆ ಹೋದ್ಲು. ಸಾಬ್ರು ಹೇಳ್ತಿದ್ದ ಹಾಗೇ. ಮೋರಿ ಒಪ್ಪಿಗೆಯಾಯ್ತು, ಅಡುಗೆಮನೆ ಒಪ್ಪಿಗೆಯಾಯ್ತು. ನಡುಗೋಡೆ ಮುಂದೆ ನಿಂತು ಅಂಗೈ ಇಟ್ಟು ನೋಡಿದ್ಲು. ಇದರ ಹಿಂದೆ ಯಾರ ಬಚ್ಚಲು ಅಂತ ಕೇಳಿದ್ಲು. ಬಚ್ಚಲಲ್ಲಮ್ಮ, ನಮ್ಮ ನಡುಮನೆ ಅಂದೆ. ನೋಡಬಹುದಾ ಅಂದ್ಲು. ಬೇಡ ಅನ್ನೋಕಾಗುತ್ತಾ, ಕರಕೊಂಡು ಬಂದೆ.

ನಮ್ಮ ಕಡೆಯೂ ಅದೇ ಎತ್ತರಕ್ಕೆ, ಅದೇ ತಟ್ಟೆಯಗಲ ಕಲೆ. ನಾನು ಯಾವತ್ತೂ ಸುಣ್ಣ ಬಳಿಸದ ಗೋಡೆ, ಇನ್ನೂ ಕಪ್ಪಗಿತ್ತು. ಅಲ್ಲಿಯವರೆಗೆ ನಾನು ಅದನ್ನ ಸರಿಯಾಗಿ ನೋಡೇ ಇರಲಿಲ್ಲ. ಅದಕ್ಕೆ ಬೆನ್ನು ಕೊಟ್ಟು ಕೂತೋಳು ತಾನೇ.

"ಅಜ್ಜಿ, ಈ ಕಡೇನೂ ತೇವ ಇದೆಯಲ್ಲ," ಅಂದ್ಲು ಕೋಮಲಾ.

ಹೂಂ ಅಂದಿದ್ರೆ ಸಾಕಿತ್ತು. ಅವರು ಬಂದ ದಾರಿಯಲ್ಲೇ ಪಂಚನಹಳ್ಳಿಗೆ ಹೋಗೋರು, ನಾಳೆ ಬೆಳಿಗ್ಗೆ ಕೆಮ್ಮು ಅಲ್ಲೇ ಇರೋದು. ಹೂಂ ಅನ್ನೋದೂ ಬೇಕಿರಲಿಲ್ಲ, ಸುಮ್ಮನಿದ್ರೂ ನಡೀತಿತ್ತು. ಆದ್ರೆ ಬಚ್ಚಲ ಆ ಒದ್ದೆ ಕಲ್ಲು ಕಣ್ಣ ಮುಂದೆ ಬಂತು. ಇನ್ನೊಂದು ಸಲ ಅವರು ಬಿದ್ದಾಗ ನನ್ನ ಕಿವಿಗೆ ಬೀಳದಿದ್ರೆ?

"ತೇವ ಅಲ್ಲ ಕಣವ್ವ, ತಲೆಎಣ್ಣೆ," ಅಂದೆ. "ಈ ಕಡೇದು ನಂದು, ಆ ಕಡೇದು ಅವರ ಹೆಂಡ್ತಿದು. ಮೂವತ್ತು ವರ್ಷ ಹಿಂಗೇ ಒರಗಿ ಮಾತಾಡ್ತಿದ್ವಿ. ಮುಟ್ಟಿ ನೋಡು, ಜಿಡ್ಡು."

ಅವಳು ಬೆರಳಲ್ಲಿ ಉಜ್ಜಿ ಮೂಸಿ ನೋಡಿದ್ಲು. ಆಮೇಲೆ ಕತ್ತೆತ್ತಿ ಮೇಲಿನ ಸಂದಿ ನೋಡಿದ್ಲು. "ಅದನ್ನ ಮುಚ್ಚಿಸ್ಕೋಬೇಕಾಗುತ್ತೆ ಅಜ್ಜಿ. ಬೇಜಾರು ಮಾಡ್ಕೋಬೇಡಿ," ಅಂದ್ಲು. ಮನೆ ಮಾರಿಹೋಯ್ತು ಅಂತ ನನಗೆ ಗೊತ್ತಾಗಿದ್ದು ಆಗಲೇ.

ಗೋಡೆ ಶುದ್ಧ ಮಾಡಿಕೊಡಬೇಕು ಅಂತ ಶಿವಮೂರ್ತಪ್ಪ ಹೇಳಿ ಹೋಗಿದ್ದ. ಮಾರನೇ ದಿನ ಮಧ್ಯಾಹ್ನ ಆ ಕಡೆಯಿಂದ ಉಜ್ಜೋ ಸದ್ದು ಬಂತು. ಜಿಡ್ಡು ಹೋಗೋಕೆ ಅರ್ಧ ಗಂಟೆಯೂ ಹಿಡಿದಿರಲಿಕ್ಕಿಲ್ಲ. ಆಮೇಲೆ ಸದ್ದು ನಿಂತು, ಸಂದಿಯಲ್ಲಿ ಸಾಬ್ರ ದನಿ ಕೇಳಿಸ್ತು.

"ಕರಿಬಸಕ್ಕ, ಸೋಡಾ ಮಿಕ್ಕಿದೆ. ನಿಮ್ಮ ಕಡೇದೂ ತೆಗೆದುಬಿಡ್ಲಾ?"

"ನಾನೇನು ಮನೆ ಮಾರ್ತಿದೀನಾ ಸಾಬ್ರೇ?"

ನಕ್ಕರು. ನಗು ಹೋಗಿ ಕೆಮ್ಮಾಯ್ತು.

ಸಾಬ್ರು ತರೀಕೆರೆಗೆ ಹೋಗಿ ಒಂದು ವಾರಕ್ಕೆ ಗಾರೆಯೋರು ಬಂದು ಒಂದೇ ಬೆಳಿಗ್ಗೆಯಲ್ಲಿ ಸಂದಿಗೆ ಇಟ್ಟಿಗೆ ತುಂಬಿದ್ರು. ಕೋಮಲಾ ಒಳ್ಳೆ ಹೆಣ್ಣು, ಹಬ್ಬ ಹುಣ್ಣಿಮೆಗೆ ಹೋಳಿಗೆ ತಂದುಕೊಡ್ತಾಳೆ. ಮನೆ ತುಂಬ ಜನ ಇದ್ದಾರಂತೆ. ನನಗೆ ಒಂದು ಸದ್ದೂ ಕೇಳಿಸಲ್ಲ.

ಮೊನ್ನೆ ಅರ್ಫಾ ಫೋನ್ ಮಾಡಿ ಅಬ್ಬಾನ ಕೈಗೆ ಕೊಟ್ಲು. ರೂಮು ಆಗಿದೆ, ಕಿಟಕಿ ದೊಡ್ಡದು, ಬಚ್ಚಲಲ್ಲಿ ಹಿಡ್ಕೊಳೋಕೆ ಕಂಬಿ ಇದೆ ಅಂದ್ರು. ಗೋಡೆಗೆಲ್ಲ ಆಯಿಲ್ ಪೇಂಟ್ ಹೊಡೆಸಿದಾರಂತೆ, ಒರಗಿದ್ರೆ ತಲೆ ಜಾರುತ್ತಂತೆ. ಒಂದು ಟವಲ್ ಮಡಿಸಿ ಇಟ್ಕೊಳಿ ಅಂದೆ. ಹೂಂ ಅಂದ್ರು. ಆ ಕಡೆ ಅವರು ಕೆಮ್ಮಿದ್ದು ಕೇಳಿಸ್ತು. ಅದನ್ನ ಕೇಳ್ತಾ, ಅರ್ಫಾ ಅವರ ಕೈಯಿಂದ ಫೋನ್ ಇಸ್ಕೊಳೋ ತನಕ ಹಾಗೇ ಕಿವಿಗೆ ಹಿಡ್ಕೊಂಡು ಕೂತಿದ್ದೆ.