ಡ್ರೈಯರ್‌ಗೆ ‘ಡೈರೆಕ್ಟ್’ ಕೊಟ್ಟದ್ದು

ಬೈಲಹೊಂಗಲದ ನಮ್ಮ ಮನೆಯಲ್ಲಿ ಕೆಟ್ಟ ಸಾಮಾನು ಎಂಬುದೇ ಇಲ್ಲ. ಒಂದೋ ಅದು ಸರಿಯಾಗಿರುತ್ತದೆ, ಇಲ್ಲವೇ ನನ್ನ ಮಾವನವರು ಅದಕ್ಕೆ ‘ಡೈರೆಕ್ಟ್’ ಕೊಟ್ಟಿರುತ್ತಾರೆ. ಸ್ವಿಚ್ಚು ಸತ್ತರೆ ಅದನ್ನು ಕಿತ್ತೊಗೆದು, ಬರುವ ತಂತಿಯನ್ನೂ ಹೋಗುವ ತಂತಿಯನ್ನೂ ನೇರ ಜೋಡಿಸಿ ಮೇಲೆ ಕಪ್ಪು ಟೇಪು ಸುತ್ತುವುದೇ ಡೈರೆಕ್ಟ್. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಅಡಿಗೆಮನೆಯ ಮಿಕ್ಸರಿಗೆ ಡೈರೆಕ್ಟ್ ಇತ್ತು. ಪ್ಲಗ್ ಚುಚ್ಚಿದರೆ ತಿರುಗುತ್ತಿತ್ತು, ಕಿತ್ತರೆ ನಿಲ್ಲುತ್ತಿತ್ತು. ನಡುವೆ ಮನುಷ್ಯರ ಅಭಿಪ್ರಾಯಕ್ಕೆ ಜಾಗವಿರಲಿಲ್ಲ. ಮೊದಲ ಸಲ ಶೇಂಗಾ ಚಟ್ನಿ ಮಾಡಲು ಹೋಗಿ ಗೋಡೆಗೆಲ್ಲ ಶೇಂಗಾಪುಡಿ ಬಳಿದವಳು ನಾನು.

ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳಾದ್ದರಿಂದ ಈ ವಿಷಯದಲ್ಲಿ ನನಗೊಂದು ಸಿದ್ಧಾಂತವೂ ಇದೆ. ನಡೆಯಲ್ಲಿ, ನುಡಿಯಲ್ಲಿ ನೇರವಾಗಿರಬೇಕೆಂದ ನಮ್ಮ ಹಿರಿಯರು ನೀರನ್ನಾಗಲಿ ಎತ್ತನ್ನಾಗಲಿ ನೇರವಾಗಿ ಬಿಟ್ಟವರಲ್ಲ. ಕೆರೆಗೆ ತೂಬು ಇಟ್ಟರು, ಎತ್ತಿಗೆ ಮೂಗುದಾರ ಹಾಕಿದರು, ಬಾಗಿಲಿಗೆ ಅಗಳಿ ಜಡಿದರು. ‘ಸ್ವಲ್ಪ ತಡೆ’ ಎನ್ನುವ ಸಾಮಾನುಗಳಿಗೆ ಕನ್ನಡದಲ್ಲಿ ಎಷ್ಟು ಹೆಸರುಗಳಿವೆ! ಇದನ್ನು ಒಮ್ಮೆ ಮಾವನವರ ಮುಂದೆ ವಿವರಿಸತೊಡಗಿದೆ. ಅವರು ಟೇಪು ಸುತ್ತುವುದನ್ನು ನಿಲ್ಲಿಸದೆ, “ಪಾಠ ಸಾಲ್ಯಾಗ ಮಾಡವಾ, ಇಲ್ಲಿ ಬ್ಯಾಟರಿ ಹಿಡಿ” ಎಂದರು. ನಾನು ಹಿಡಿದೆ.

ನಮ್ಮದು ಎರಡು ತೊಟ್ಟಿಯ ವಾಷಿಂಗ್ ಮಷೀನು. ಒಂದು ತೊಟ್ಟಿ ಒಗೆಯುತ್ತದೆ. ಇನ್ನೊಂದು ಗರಗರ ತಿರುಗಿ ಬಟ್ಟೆಯ ನೀರು ಹಿಂಡುತ್ತದೆ, ಅದಕ್ಕೆ ನಾವು ಡ್ರೈಯರ್ ಅನ್ನುತ್ತೇವೆ. ಆ ಡ್ರೈಯರಿನ ಮುಚ್ಚಳ ಎತ್ತಿದರೆ ಕರೆಂಟು ಕಡಿದು, ಬ್ರೇಕು ಬಿದ್ದು, ತೊಟ್ಟಿ ತಟ್ಟನೆ ನಿಲ್ಲಬೇಕು. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಆ ಮುಚ್ಚಳವೇ ಮುರಿಯಿತು. ಮುಚ್ಚಳವಿಲ್ಲದೆ ಡ್ರೈಯರ್ ಓಡಲು ಒಲ್ಲೆ ಎಂದಿತು. ರಾಮದುರ್ಗದಲ್ಲಿರುವ ನನ್ನ ಬಸುರಿ ನಾದಿನಿಯ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಮರುದಿನವೇ ಹೊರಡಬೇಕಿತ್ತು. ಹಗ್ಗದ ಮೇಲಿನ ಬಟ್ಟೆಗಳೋ, ಒಣಗುವ ಬದಲು ಮುಗ್ಗಲು ವಾಸನೆ ಹೊಡೆಯುತ್ತಿದ್ದವು.

“ಮೆಕಾನಿಕ್‌ನ ಕರೀಲೇನ್ರಿ ಮಾವಾರ?” ಎಂದೆ.

“ಅಂವಾ ಬಂದು ಏನ್ ಮಾಡ್ತಾನ? ಒಂದ್ ಡೈರೆಕ್ಟ್ ಕೊಟ್ರ ಆತು.”

ಅತ್ತೆ ಒಳಗಿನಿಂದಲೇ ಕೂಗಿದರು: “ಅದು ನಿಲ್ಲೂದು ಹೆಂಗ್ರಿ ಮತ್ತ?”

“ನಿಲ್ಲಾಕ ಅಲ್ಲ, ತಿರಗಾಕ ತಂದದ್ದು!”

ಮುರಿದ ಮುಚ್ಚಳ ಹಿತ್ತಲಿಗೆ ಹೋಯಿತು. ಅದರ ಜೊತೆಗೆ ಬ್ರೇಕಿನ ತಂತಿಯೂ ಕಳಚಿತು. ಸ್ವಿಚ್ಚಿನ ಎರಡು ತಂತಿಗಳಿಗೆ ಗಂಟು ಬಿತ್ತು. ಒದ್ದೆ ಬಟ್ಟೆ ತುಂಬಿದ್ದೇ ತಡ, ಡ್ರೈಯರ್ ಬಾಯಿ ತೆರೆದುಕೊಂಡೇ ಭರ್ರನೆ ತಿರುಗಿತು. ಮಾವ ಸೊಂಟದ ಮೇಲೆ ಕೈಯಿಟ್ಟು ನಿಂತು ಅದನ್ನು ನೋಡಿದ ಚಂದವೇ ಚಂದ. ಧೋತರವೊಂದು ಅದರಿಂದ ಹಾರಿ ಬಂದು ಅವರ ಮುಖಕ್ಕೇ ಅಪ್ಪಳಿಸಿತು. ಅತ್ತೆಯೂ ನಾನೂ ನಕ್ಕೆವು. ಅವರು ಮುಖ ಒರೆಸಿಕೊಂಡು, “ನೋಡ್ರಿ, ಒಣಗಿಸಿ ಕೈಗೇ ಕೊಡತೈತಿ” ಎಂದರು.

ನಗು ಬಹಳ ಹೊತ್ತು ಉಳಿಯಲಿಲ್ಲ. ಬಟ್ಟೆ ಒಂದೇ ಕಡೆ ಕೂತು ತೊಟ್ಟಿ ದಡದಡ ಬಡಿದುಕೊಳ್ಳತೊಡಗಿತು. ಬಟ್ಟೆಯನ್ನು ಒತ್ತಿ ಸರಿಮಾಡಲು ಅತ್ತೆ ಅಭ್ಯಾಸಬಲದಿಂದ ಬಗ್ಗಿದರು. ಅವರ ಇಳಕಲ್ ಸೀರೆಯ ಸೆರಗು ಜಾರಿ ಒಳಗೆ ಬಿತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಡ್ರೈಯರ್ ಸೆರಗು ಸುತ್ತಿಕೊಳ್ಳುತ್ತಾ ಅತ್ತೆಯನ್ನು ತನ್ನತ್ತ ಎಳೆಯಿತು. ಅವರ ಕೈ ಅಂಚಿಗೆ ಬಡಿಯಿತು. “ಯವ್ವಾ!” ಎಂದ ಆ ದನಿ ಈಗಲೂ ನನಗೆ ಕೇಳಿಸುತ್ತದೆ. ಮಾವ ಅವರನ್ನು ಎರಡೂ ತೋಳಿನಿಂದ ತಬ್ಬಿ ಹಿಂದಕ್ಕೆ ಜಗ್ಗಿದರು. ನಾನು ಓಡಿ ಗೋಡೆಯ ಸ್ವಿಚ್ಚು ಆರಿಸಿದೆ. ಆದರೂ ಬ್ರೇಕು ಇಲ್ಲದ ತೊಟ್ಟಿ ನಿಲ್ಲಲಿಲ್ಲ! ಕರೆಂಟಿಲ್ಲದೆಯೂ ಅದು ತನ್ನ ಪಾಡಿಗೆ ತಿರುಗುತ್ತಲೇ ಇತ್ತು. ಕೊನೆಗೆ ಸೆರಗು ಪರ್ರನೆ ಹರಿಯಿತು. ಗಂಡ ಹೆಂಡತಿ ಇಬ್ಬರೂ ಹಿಂದಕ್ಕೆ ಬಿದ್ದು, ಒದ್ದೆ ನೆಲದ ಮೇಲೆ ಒಬ್ಬರಿಗೊಬ್ಬರು ಆತು ಕುಳಿತರು.

ಅತ್ತೆಯ ಮುಂಗೈ ಬಾತಿತ್ತು. ದೇವರ ದಯೆ, ಎಲುಬು ಮುರಿದಿರಲಿಲ್ಲ. ಮೊದಲು ಬಾಯಿಬಿಟ್ಟವರು ಅತ್ತೆಯೇ.

“ಮೂಗದಾಣಿ ಹರದ್ರ ಹೊಸಾದು ಹಾಕ್ತಾರೋ, ಎತ್ತು ಹಂಗ ಬಿಡ್ತಾರೋ? ಸೆರಗು ಹರೀತಲ್ರಿ, ನನ್ನ ತವರಮನಿ ಸೀರಿ!”

ನನ್ನ ಸಿದ್ಧಾಂತವನ್ನೆಲ್ಲ ಅವರು ನೆಲದ ಮೇಲೆ ಕುಳಿತು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರು.

ಕುಬಸಕ್ಕೆ ಅರ್ಧ ಒಣಗಿದ ಬಟ್ಟೆ ಉಟ್ಟೇ ಹೋದೆವು. ಅತ್ತೆಯ ಕೈಗೆ ಕಟ್ಟಿದ್ದ ಪಟ್ಟಿ ಕಂಡು ಬೀಗರು ಏನಾಯಿತೆಂದು ಕೇಳಿದಾಗಲೆಲ್ಲ ಮಾವ ಎದ್ದು ಹೊರಗೆ ಹೋಗುತ್ತಿದ್ದರು. ಅತ್ತೆಯೋ, “ಜಾರಿ ಬಿದ್ನಿರಿ” ಎನ್ನುತ್ತಿದ್ದರೇ ಹೊರತು ಗಂಡನ ಹೆಸರೆತ್ತಲಿಲ್ಲ. ತಿರುಗಿ ಬಂದ ಮರುದಿನ ಮಾವ ಯಾರಿಗೂ ಹೇಳದೆ ಬಸ್ಸು ಹತ್ತಿ ಸವದತ್ತಿಗೆ ಹೋದರು. ಸಂಜೆ ಹೊಸ ಮುಚ್ಚಳ, ಹೊಸ ಸ್ವಿಚ್ಚು ಕಂಕುಳಲ್ಲಿಟ್ಟುಕೊಂಡು ಬಂದರು. ಜೊತೆಗೊಬ್ಬ ಮೆಕಾನಿಕ್ಕನೂ ಇದ್ದ. ನಮ್ಮ ಮನೆಯ ಹೊಸ್ತಿಲು ದಾಟಿದ ಮೊದಲ ಮೆಕಾನಿಕ್ ಅವನು.

ಈಗ ಡ್ರೈಯರ್ ತಿರುಗುವಷ್ಟು ಹೊತ್ತೂ ಮಾವ ಅದರ ಮುಂದೆ ಸ್ಟೂಲು ಹಾಕಿ ಕೂಡುತ್ತಾರೆ. ತೊಟ್ಟಿ ಪೂರ್ತಿ ನಿಂತ ಮೇಲಷ್ಟೇ ಬಟ್ಟೆಗೆ ಕೈ ಹಾಕುತ್ತಾರೆ. ಮೊದಲ ದಿನ ಇದನ್ನು ಕಂಡ ಅತ್ತೆ ಬಾಗಿಲಿಗೆ ಒರಗಿ ನಿಂತು ನನಗೆ ಹೇಳಿದರು:

“ಮದುವಿ ಆದಾಗಿಂದ ಒಂದೀಟು ತಡೀರಿ, ತಡೀರಿ ಅಂತ ಬಡಕೊಂಡೆ. ನನ್ನ ಮಾತಿಗೆ ಒಮ್ಮ್ಯಾದ್ರೂ ತಡದ್ರೇನವಾ? ಈಗ ನೋಡು, ಒಂದ್ ಮುಚ್ಚಳಕ್ಕ ಹೆಂಗ ಕುಂತಾರ!”

“ಮುಚ್ಚಳಕ್ಕಲ್ಲ,” ಎಂದರು ಮಾವ, ತಿರುಗುವ ತೊಟ್ಟಿಯಿಂದ ಕಣ್ಣು ಕೀಳದೆ.

ಅತ್ತೆ ಒಳಗೆ ಹೋದರು. ಯಾರೂ ಕೇಳದೆಯೇ ಚಹಾ ಬಂತು. ಸಕ್ಕರೆ ತುಸು ಹೆಚ್ಚೇ ಬಿದ್ದಿತ್ತು.