ಶರಣಪ್ಪ ಮಿಸ್ತ್ರಿಯ ಮೂರು ಬೆರಳು

ಬೆರಳಿಗೆಲ್ಲ ಎಣ್ಣೆಯ ಕಪ್ಪು, ತುದಿಗೆ ಮಾತ್ರ ವಿಭೂತಿಯ ಬಿಳುಪು. ಸಿಂಧನೂರಿನ ಶರಣಪ್ಪ ಮಿಸ್ತ್ರಿ ಎಂದರೆ ನನಗೆ ಮೊದಲು ನೆನಪಾಗುವುದು ಆ ಮೂರು ಬೆರಳು. ಅಕ್ಕಿ ಗಿರಣಿಯ ಶಾಫ್ಟ್ ಆಗಲಿ, ಟ್ರ್ಯಾಕ್ಟರಿನ ಬುಷ್ ಆಗಲಿ, ಲೋಹ ಕಡೆಯುವ ಅವರ ಲೇತ್ ಯಂತ್ರದಿಂದ ಇಳಿದದ್ದು ವಿಭೂತಿ ಹಚ್ಚಿಸಿಕೊಳ್ಳದೆ ಅಂಗಡಿಯ ಹೊಸ್ತಿಲು ದಾಟುತ್ತಿರಲಿಲ್ಲ. ಯಾರಾದರೂ ನಕ್ಕರೆ, "ದುಡಿಯಾಕ ಹೊಂಟೈತಿ, ಬರೇ ಹಣೀಲೆ ಕಳಿಸಲೇನು?" ಎನ್ನುತ್ತಿದ್ದರು.

ನಾನು ಲಿಂಗಸುಗೂರಿನ ಕಾಲೇಜೊಂದರಲ್ಲಿ ಪಾಠ ಹೇಳುವವಳು. ರೇಡಿಯೋ ಅಲೆಗಳ ಬಲ ಹೆಚ್ಚಿಸುವ ಮೈಕ್ರೋವೇವ್ ಆಂಪ್ಲಿಫೈಯರ್‌ಗಳ ಹುಚ್ಚು ಹಚ್ಚಿಕೊಂಡವಳು. ಎರಡು ಆಂಪ್ಲಿಫೈಯರ್‌ಗಳ ಶಕ್ತಿಯನ್ನು ಒಂದೆಡೆ ಕೂಡಿಸುವ ಕವಲು ಕೊಳವೆ, ಅಂದರೆ ವೇವ್‌ಗೈಡ್ ಕಂಬೈನರ್, ಬೇಕಾಗಿತ್ತು. ಹಿತ್ತಾಳೆಯಲ್ಲಿ ಕೂದಲೆಳೆಯಷ್ಟೂ ತಪ್ಪದೆ ಕೊರೆಯಬಲ್ಲ ಕೈ ಸುತ್ತಮುತ್ತ ಅವರದೊಂದೇ. ಮಸ್ಕಿ ಮೇಲಿನ ಬಸ್ಸು ಹಿಡಿದು ನಕ್ಷೆ ಒಯ್ದುಕೊಟ್ಟೆ.

ಮಿಸ್ತ್ರಿ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಒಂದು ಕವಲಿನ ಮೇಲೆ ಬೆರಳಿಟ್ಟರು. "ಮೇಡಂ, ಒಂದು ಕಾಲುವಿ ಉದ್ದ, ಒಂದು ಗಿಡ್ಡ ಐತಲ್ರೀ. ಎರಡೂ ಕಡಿ ನೀರು ಕೂಡೇ ಬಂದು ಸೇರಬೇಕಂದ್ರ ಸಮ ಇರಬೇಕಲ್ಲ?"

"ಇದು ನೀರಲ್ಲ ಮಿಸ್ತ್ರಿ. ನಕ್ಷಾದಾಗ ಇದ್ದಂಗ ಮಾಡ್ರಿ," ಎಂದೆ. ಓದಿದವಳೆಂಬ ಸೊಕ್ಕು. "ಆತ್ರೀ," ಎಂದು ನಕ್ಕು ನಕ್ಷೆ ಮಡಚಿಟ್ಟರು.

ಪೂರ್ತಿ ಶಕ್ತಿ ಕೊಟ್ಟ ದಿನ, ಎರಡು ವರ್ಷ ಕೂತು ಕಟ್ಟಿದ ಆಂಪ್ಲಿಫೈಯರ್‌ಗಳು ನನ್ನ ಕಣ್ಣೆದುರೇ ಸುಟ್ಟುಹೋದವು. ಕೊಳವೆ ಬಿಚ್ಚಿದರೆ ಒಳಗೋಡೆಯ ಮೇಲೆ ಮೂರು ಬಿಳಿ ಗೆರೆ! ಹಾಗೇ ಹಿಡಿದುಕೊಂಡು ಸಿಂಧನೂರಿಗೆ ಹೋಗಿ, ಗಿರಾಕಿಗಳೆದುರೇ ಕೂಗಾಡಿದೆ: "ನಿಮ್ಮ ವಿಭೂತಿ ನನ್ನ ಕೆಲಸ ಸುಟ್ಟು ಹಾಕ್ತು!"

ಮಿಸ್ತ್ರಿಯ ಮುಖ ಬಿಳಿಚಿಕೊಂಡಿತು. "ಹೊರಗ ಹಚ್ಚಿದ್ರ ನೀವು ಒರಸ್ತೀರಿ ಅಂತ ಒಳಗ ಹಚ್ಚಿದ್ನಿರೀ... ಒಳ್ಳೇದಾಗಲಿ ಅಂತ," ಎಂದಷ್ಟೇ ಹೇಳಿದರು.

ವರ್ಷದ ಮೇಲೆ ಅದೇ ಕೊಳವೆಯನ್ನು ತೊಳೆದು, ಕಡಿಮೆ ಶಕ್ತಿಯಲ್ಲಿ ಪರೀಕ್ಷಿಸಿದೆ. ಈಗ ಬೂದಿಯ ಕಣವೂ ಇರಲಿಲ್ಲ. ಆದರೂ ಎರಡು ಅಲೆಗಳು ಕೂಡುವ ಬದಲು ಒಂದನ್ನೊಂದು ಅಳಿಸುತ್ತಿದ್ದವು, ಶಕ್ತಿ ಹಿಂದಕ್ಕೇ ಬರುತ್ತಿತ್ತು. ಆಂಪ್ಲಿಫೈಯರ್‌ಗಳನ್ನು ಸುಟ್ಟದ್ದು ಅದೇ. ನಕ್ಷೆ ತೆಗೆದೆ. ಒಂದು ಕವಲಿನ ಅಳತೆ ನಾನೇ ತಪ್ಪು ಬರೆದಿದ್ದೆ. ಮಿಸ್ತ್ರಿ ಬೆರಳಿಟ್ಟು ತೋರಿಸಿದ್ದ ಅದೇ ಕವಲು.

ಮರುದಿನವೇ ಓಡಿದೆ. ಅಂಗಡಿ ಮುಚ್ಚಿತ್ತು. ಹಿಂದಿನ ಮನೆಯಿಂದ ಅವರ ಹೆಂಡತಿ ಬಂದರು. "ಅವ್ರು ಹೋಗಿ ತಿಂಗಳಾತ್ರೀ. ಎದಿನೋವು ಬಂದಿತ್ತು."

"ತಪ್ಪು ನಂದ್ರೀ ಅಕ್ಕಾರ. ವಿಭೂತೀದಲ್ಲ," ಎಂದೆ.

ಅವರು ಅಂಗಡಿಯ ಕಟ್ಟೆಯ ಮೇಲೆ ಕೂತರು.

"ನೀವು ಬಂದು ಹೋದ ದಿನದಿಂದ ಯಾವ ಸಾಮಾನಿಗೂ ಹಚ್ಚಲಿಲ್ರೀ. ತಮ್ಮ ಹಣಿಗೂ ಹಚ್ಚಿಕೊಳ್ಳಲಿಲ್ಲ. 'ನನ್ನ ಕೈಯಾಗ ದೋಷ ಐತಿ' ಅಂತಿದ್ರು. ಬರೇ ಹಣೀಲೆ ಹ್ಯಾಂಗ ಕಳಿಸಲಿ? ಮಣ್ಣು ಮಾಡೂ ಮುಂದ ನಾನ ಹಚ್ಚಿದೆ."