ಹಾಜರಿ ಪುಸ್ತಕದ ಹತ್ತನೆಯ ಹೆಸರು

ಚಾಮರಾಜಪೇಟೆಯಲ್ಲಿ ನಮ್ಮದೊಂದು ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸು. ಅಪ್ಪ ನಡೆಸುತ್ತಿದ್ದರು, ಅವರು ತೀರಿಕೊಂಡ ಮೇಲೆ ನಾನು ಕೂತೆ. ಅಂಗಡಿಯ ಜೊತೆಗೆ ಅಪ್ಪನ ಒಂದು ಪಾಠವೂ ನನ್ನ ಪಾಲಿಗೆ ಬಂತು: ಹಾಜರಿ ಪುಸ್ತಕದಲ್ಲಿ ಒಂಬತ್ತಕ್ಕಿಂತ ಹೆಚ್ಚು ಹೆಸರು ಇರಬಾರದು. ಹತ್ತು ಜನರಾದರೆ ಇಎಸ್‌ಐ ಬರುತ್ತದೆ. ಕೆಲಸದವರ ಸಂಬಳದಲ್ಲಿ ಸ್ವಲ್ಪ ಹಿಡಿದು, ಅದಕ್ಕಿಂತ ಹೆಚ್ಚು ನಾವು ಸೇರಿಸಿ ತಿಂಗಳು ತಿಂಗಳು ಕಟ್ಟಬೇಕು. ಕಟ್ಟಿದರೆ ಅವರಿಗೂ ಅವರ ಸಂಸಾರಕ್ಕೂ ಆಸ್ಪತ್ರೆ ಸಿಗುತ್ತದೆ. ತಪ್ಪಿಸಿಕೊಳ್ಳಲು ನಮ್ಮ ಬೀದಿಯಲ್ಲೊಂದು ಉಪಾಯವಿತ್ತು. ಹತ್ತನೆಯವರನ್ನು ‘ನಮ್ಮ ಮನೆಯವರೇ’ ಎಂದುಬಿಡುವುದು. ಮನೆಯವರಿಗೆ ಯಾರು ಹಾಜರಿ ಹಾಕುತ್ತಾರೆ?

ನಮ್ಮಲ್ಲಿ ಹಾಗಿದ್ದವರು ಒಬ್ಬ ಹೆಂಗಸು. ಪತ್ರಿಕೆ ಮಡಿಸುವುದು, ಕವರು ಅಂಟಿಸುವುದು, ಮೂಲೆಗಳಿಗೆ ಅರಿಶಿನ ಹಚ್ಚುವುದು ಅವರ ಕೆಲಸ. ನಾನು ಸ್ಕೂಲಿಗೆ ಹೋಗುತ್ತಿದ್ದಾಗಲೇ ಅಲ್ಲಿದ್ದರು, ನನಗೆ ಅಕ್ಕ. ಹಬ್ಬಕ್ಕೆ ಸೀರೆ ಕೊಡುತ್ತಿದ್ದೆ, ಅವರ ಮಗಳ ಮದುವೆಗೆ ಬಿಟ್ಟಿಯಾಗಿ ಪತ್ರಿಕೆ ಹಾಕಿಸಿಕೊಟ್ಟೆ. ನನ್ನಷ್ಟು ಒಳ್ಳೆಯ ಯಜಮಾನಿ ಇಡೀ ಪೇಟೆಯಲ್ಲಿಲ್ಲ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ಹೋದ ವರ್ಷ ಅಕ್ಕನ ಬಲಗೈ ಮಣಿಕಟ್ಟು ನೋಯತೊಡಗಿತು. ಮಡಿಸಿ ಮಡಿಸಿ ನರ ಒತ್ತಿಕೊಂಡಿದೆ, ಆಪರೇಷನ್ ಆಗದಿದ್ದರೆ ಬೆರಳುಗಳ ಶಕ್ತಿ ಹೋಗುತ್ತದೆ ಎಂದರು ಡಾಕ್ಟರು. ಅಕ್ಕನ ನಾದಿನಿ ಊದಿನಕಡ್ಡಿ ಫ್ಯಾಕ್ಟರಿಯಲ್ಲಿದ್ದಾಳೆ. ಅವಳ ಗರ್ಭಕೋಶದ ಆಪರೇಷನ್ ಇಎಸ್‌ಐ ಕಾರ್ಡಿನಲ್ಲೇ ಆಗಿತ್ತು. ತನಗೂ ಅಂಥದ್ದೊಂದು ಕಾರ್ಡು ಮಾಡಿಸಿಕೊಡಿ ಎಂದು ಅಕ್ಕ ಕೇಳಿದರು. ನಾನು ಆಪರೇಷನ್ನಿನ ಖರ್ಚು ಕೊಡುತ್ತೇನೆ ಎಂದೆ. ದುಡ್ಡು ಬೇಡ, ಕಾರ್ಡು ಬೇಕು ಎಂದರು. ನಮ್ಮದು ಚಿಕ್ಕ ಅಂಗಡಿ, ಒಂಬತ್ತೇ ಜನ, ಕಾನೂನಿನಲ್ಲಿ ಬರುವುದಿಲ್ಲ ಎಂದು ಬಾಯಿಪಾಠ ಒಪ್ಪಿಸಿದೆ.

ಅಕ್ಕ ಸಿಟ್ಟಾಗಲಿಲ್ಲ. "ನಿಮ್ದು ಬಿಟ್ಟು ದಿನಾ ಹತ್ತು ಲೋಟ ಟೀ ತರಿಸ್ತೀನಲ್ಲಮ್ಮ," ಎಂದರು.

ಎರಡು ದಿನ ಅವರ ಮುಖ ನೋಡುವುದನ್ನು ತಪ್ಪಿಸಿಕೊಂಡು ಓಡಾಡಿದೆ. ಮೂರನೆಯ ದಿನ ಮಲ್ಲೇಶ್ವರಂನಲ್ಲಿರುವ ನಮ್ಮ ಆಡಿಟರ ಬಳಿ ಹೋಗಿ, ಹತ್ತೂ ಜನರನ್ನು ಸೇರಿಸಿಬಿಡೋಣ ಎಂದೆ. ಅವರು ಒಪ್ಪಿದರು, ಆದರೆ ಅಕ್ಕನನ್ನು ಈ ತಿಂಗಳು ಕೆಲಸಕ್ಕೆ ಸೇರಿದವರೆಂದು ತೋರಿಸಬೇಕು ಎಂದರು. ನಿಜವಾದ ತಾರೀಖು ಬರೆದರೆ ಹಿಂದಿನ ವರ್ಷಗಳದ್ದನ್ನೂ ಬಡ್ಡಿ, ದಂಡದ ಸಮೇತ ಕೇಳುತ್ತಾರಂತೆ. ಎಲ್ಲರೂ ಮಾಡುವುದು ಹೀಗೇ ಎಂದು ಸಮಾಧಾನವನ್ನೂ ಹೇಳಿ ಕಳಿಸಿದರು. ನನಗೆ ಬೇಕಾಗಿದ್ದೂ ಅದೇ ಸಮಾಧಾನ.

ಮಾರನೆಯ ಬೆಳಿಗ್ಗೆ ಫಾರ್ಮು ತುಂಬಿ ಸಹಿಗೆಂದು ಅಕ್ಕನ ಮುಂದಿಟ್ಟೆ. ಹೆಸರು, ಗಂಡನ ಹೆಸರು, ವಿಳಾಸ ಎಲ್ಲವನ್ನೂ ನಿಧಾನವಾಗಿ ಓದಿದರು. ಸೇರಿದ ತಾರೀಖಿನ ಹತ್ತಿರ ಬೆರಳು ನಿಂತಿತು.

"ನಿಮ್ಮ ತಂದೆಯವ್ರು ತೀರ್ಕೊಂಡ ದಿನ ಅಂಗಡಿ ಶಟರ್ ಎಳ್ದೋಳು ನಾನೇ ಅಲ್ವಾಮ್ಮ?" ಎಂದರು. "ಇದ್ರಲ್ಲಿ ನೋಡಿದ್ರೆ ಆವಾಗ ನಾನಿಲ್ಲಿ ಇರ್ಲೇ ಇಲ್ಲ."

ಹರಿದು ಹಾಕಿ, ಹೊಸದು ಬರೆಯೋಣ ಅನ್ನಬಹುದಿತ್ತು. ಮಾತು ಬಾಯಿಗೂ ಬಂದಿತ್ತು. ಆದರೆ ಅಷ್ಟರಲ್ಲೇ ನನ್ನ ತಲೆ ಬಡ್ಡಿಯ ಲೆಕ್ಕ ಹಾಕತೊಡಗಿತ್ತು. ಅಕ್ಕ ತಾವೇ ಪೆನ್ನು ತೆಗೆದುಕೊಂಡು, ನೋಯುವ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು, ಸಹಿ ಮಾಡಿದರು.

ಆಪರೇಷನ್ ಚೆನ್ನಾಗಾಯಿತು. ಅಕ್ಕ ಮತ್ತೆ ಕೆಲಸಕ್ಕೆ ಬರುತ್ತಿದ್ದಾರೆ, ನನ್ನ ಜೊತೆ ಮೊದಲಿನ ಹಾಗೇ ಮಾತಾಡುತ್ತಾರೆ. ಅದೇ ನನಗೆ ಹೆಚ್ಚು ಚುಚ್ಚುತ್ತದೆ. ಆ ತಾರೀಖನ್ನು ತಿದ್ದಿಸುವ ಧೈರ್ಯ ನನಗೆ ಇನ್ನೂ ಬಂದಿಲ್ಲ.